ಏಳು ಕುದುರೆ, ಇಪ್ಪತ್ತೆಂಟು ಕಾಲು

ಚಿತ್ರಕಾರರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ದೊಡ್ಡವರು ಮಳೆ, ಮೌನ, ಬಾಲ್ಯ ಎಂದೆಲ್ಲ ಉತ್ತರ ಕೊಟ್ಟಿರುವುದನ್ನು ಓದಿದ್ದೇನೆ. ನನಗೆ ಮಾತ್ರ ಅದು ಒಂಟಿಕೊಪ್ಪಲ್ ಪಂಚಾಂಗದಿಂದ ಬರುತ್ತದೆ. ಮಾಘ, ಫಾಲ್ಗುಣ, ವೈಶಾಖ ಮಾಸಗಳಲ್ಲಿ ಗೃಹಪ್ರವೇಶದ ಮುಹೂರ್ತಗಳು ದಟ್ಟವಾಗಿರುವುದರಿಂದ ಆ ದಿನಗಳಲ್ಲಿ ನನ್ನ ಸೃಜನಶೀಲತೆ ಉಕ್ಕಿ ಹರಿಯುತ್ತದೆ. ಆಷಾಢ ಕಾಲಿಟ್ಟ ಕೂಡಲೇ ತಾನಾಗಿ ಬತ್ತಿಹೋಗುತ್ತದೆ. ಹೊಸದಾಗಿ ಮನೆ ಕಟ್ಟಿಸಿದವರ ಹಜಾರದಲ್ಲಿ ದೊಡ್ಡದೊಂದು ಖಾಲಿ ಗೋಡೆ ಉಳಿದಿರುತ್ತದೆ, ಕೈಯಲ್ಲಿ ಚಿಕ್ಕದೊಂದು ಮೊತ್ತ ಉಳಿದಿರುತ್ತದೆ, ಮತ್ತು ವಾಸ್ತು ನೋಡಿದವರು ಹೊರಡುವ ಮುನ್ನ ಆ ಗೋಡೆಗೆ ಏಳು ಕುದುರೆಗಳ ಚಿತ್ರ ಹಾಕಿಸಿ ಎಂದು ಹೇಳಿಹೋಗಿರುತ್ತಾರೆ. ಮೈಸೂರಿನ ಬಡಾವಣೆಗಳು ಊರಾಚೆಗೆ ಬೆಳೆದಷ್ಟೂ ನನ್ನ ಕುದುರೆಗಳು ಓಡಬೇಕಾದ ದೂರವೂ ಬೆಳೆಯುತ್ತಿದೆ.

ಈ ಏಳು ಕುದುರೆಗಳ ಬಗ್ಗೆ ಕಲಾಶಾಲೆಯಲ್ಲಿ ಪಾಠವಿಲ್ಲ, ಆದರೆ ಮಾರುಕಟ್ಟೆಯಲ್ಲಿ ಅದಕ್ಕೊಂದು ಶಾಸ್ತ್ರವೇ ಇದೆ. ಕುದುರೆಗಳು ಓಡುತ್ತಿರಬೇಕು, ನಿಂತಿರಬಾರದು. ಎಲ್ಲವೂ ಒಂದೇ ದಿಕ್ಕಿಗೆ ಓಡಬೇಕು, ಅದೂ ಮನೆಯ ಒಳಮುಖವಾಗಿ, ಏಕೆಂದರೆ ಹೊರಮುಖವಾಗಿ ಓಡಿದರೆ ಅವುಗಳ ಬೆನ್ನಿಗೇ ಲಕ್ಷ್ಮಿಯೂ ಹೊರಟುಬಿಡುತ್ತಾಳಂತೆ. ಜೀನು, ಲಗಾಮು ಇರಬಾರದು. ಮುಖದಲ್ಲಿ ಸಿಟ್ಟು ಕಾಣಬಾರದು. ಹಿನ್ನೆಲೆಯಲ್ಲಿ ಸೂರ್ಯನಿದ್ದರೆ ಅವನು ಹುಟ್ಟುತ್ತಿರಬೇಕೇ ಹೊರತು ಮುಳುಗುತ್ತಿರಬಾರದು. ಕ್ಯಾನ್ವಾಸಿನ ಮೇಲೆ ಹುಟ್ಟುವ ಸೂರ್ಯನಿಗೂ ಮುಳುಗುವ ಸೂರ್ಯನಿಗೂ ಇರುವ ವ್ಯತ್ಯಾಸವನ್ನು ನಾನಿನ್ನೂ ಕಂಡುಕೊಂಡಿಲ್ಲ; ಆದರೆ ಕೇಳಿದವರಿಗೆ "ಇದು ಬೆಳಗಿನ ಆರೂವರೆ" ಎಂದು ಕಣ್ಣು ಮಿಟುಕಿಸದೆ ಹೇಳುವುದನ್ನು ಕಲಿತಿದ್ದೇನೆ. ಆ ಅರ್ಧ ಗಂಟೆಯನ್ನು ಸೇರಿಸಿ ಹೇಳಿದರೆ ನಂಬಿಕೆ ಹೆಚ್ಚು.

ಕಬ್ಬಿಣ ಮತ್ತು ಸಿಮೆಂಟಿನ ವ್ಯಾಪಾರಿಯೊಬ್ಬರು ಆರು ಅಡಿ ಅಗಲದ ಚಿತ್ರವೊಂದನ್ನು ಬರೆಸಿದರು. ಓಡುವ ಏಳು ಕುದುರೆಗಳನ್ನು ಎದುರಿನಿಂದ ನೋಡಿದಾಗ ಕಾಲುಗಳು ಒಂದರ ಹಿಂದೆ ಒಂದು ಮರೆಯಾಗುತ್ತವೆ, ಮರೆಯಾಗದೆ ಉಳಿದವನ್ನು ಚಿತ್ರಕಾರ ಧೂಳೆಬ್ಬಿಸಿ ಮರೆಮಾಡುತ್ತಾನೆ. ಕುದುರೆಯ ಮೊಣಕಾಲು ಮತ್ತು ಗೊರಸಿನ ಮೇಲಿನ ಗಂಟನ್ನು ತಿದ್ದಿ ಕೂರಿಸಲು ಒಂದು ಹಗಲು ಬೇಕು; ಧೂಳಿಗೆ ಬೂದುಗಂದು ಬಣ್ಣ, ಒಂದು ಹಳೆಯ ಬನಿಯನ್ನು, ಹತ್ತು ನಿಮಿಷ ಸಾಕು. ಹೀಗೆ ಕಲೆಗೂ ವ್ಯಾಪಾರಕ್ಕೂ ಸಮನಾಗಿ ಒಪ್ಪುವ ವಸ್ತು ಧೂಳಿನಷ್ಟು ಬೇರೊಂದಿಲ್ಲ. ವ್ಯಾಪಾರಿಗಳು ಚಿತ್ರದ ಮುಂದೆ ನಿಂತು, ಬೆರಳು ಮುಂದಕ್ಕೆ ಚಾಚಿ, ಲಾರಿಯಿಂದ ಇಳಿದ ಸರಳುಗಳನ್ನು ಎಣಿಸುವ ಅಭ್ಯಾಸಬಲದಿಂದ ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ಎಣಿಸಿದರು.

"ಸಾರ್, ಏಳು ಕುದುರೆ ಅಂದ್ರೆ ಇಪ್ಪತ್ತೆಂಟು ಕಾಲು ಬರ್ಬೇಕು. ಇಲ್ಲಿ ಹತ್ತೊಂಬತ್ತೇ ಇವೆ."

ದೂರ, ಕೋನ, ಒಂದರ ಮರೆಯಲ್ಲಿ ಮತ್ತೊಂದು ಇರುವ ನ್ಯಾಯ ಇವನ್ನೆಲ್ಲ ನಾನು ಸಾವಧಾನವಾಗಿ ವಿವರಿಸಿದೆ. ಅವರು ಅಷ್ಟೇ ಸಾವಧಾನವಾಗಿ ಕೇಳಿಸಿಕೊಂಡು, "ದುಡ್ಡು ನಾನು ಪೂರ್ತಿ ಕೊಡ್ತೀನಲ್ಲ ಸಾರ್, ಕಾಲೂ ಪೂರ್ತಿ ಇರ್ಲಿ" ಎಂದರು. ಈ ವಾದಕ್ಕೆ ಪ್ರಪಂಚದ ಯಾವ ಕಲಾವಿಮರ್ಶೆಯಲ್ಲೂ ಉತ್ತರವಿಲ್ಲ. ಧೂಳನ್ನು ಕೆರೆದು ತೆಗೆದು, ಎಲ್ಲೆಲ್ಲಿ ಸಂದು ಸಿಕ್ಕಿತೋ ಅಲ್ಲಲ್ಲಿ ಒಂಬತ್ತು ಕಾಲುಗಳನ್ನು ತೂರಿಸಿದೆ. ಮೇಲ್ಗಡೆ ಕುದುರೆಗಳ ಹಿಂಡು, ಕೆಳಗಡೆ ಸಹಸ್ರಪದಿ ಎಂಬಂತಿದ್ದ ಆ ಚಿತ್ರವನ್ನು ಅವರು ಮತ್ತೆ ಎಣಿಸಿ, ತೃಪ್ತಿಯಿಂದ ಹಣ ಕೊಟ್ಟು ಒಯ್ದರು. ಅದು ಅಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅವರ ಗೃಹಪ್ರವೇಶಕ್ಕೆ ಬಂದವರ ಪೈಕಿ ಎಷ್ಟೋ ಮಂದಿ ಬಳಿಕ ನನಗೆ ಫೋನು ಮಾಡಿ, "ಕಾಲು ಪೂರ್ತಿ ಬಿಡ್ಸೋರು ನೀವೇನಾ?" ಎಂದು ವಿಚಾರಿಸತೊಡಗಿದರು. ಪ್ರತಿಯೊಬ್ಬ ಕಲಾವಿದನೂ ತನ್ನದೇ ಶೈಲಿಯನ್ನು ಕಂಡುಕೊಳ್ಳಬೇಕೆಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನನ್ನದನ್ನು ಕಬ್ಬಿಣದ ವ್ಯಾಪಾರಿಗಳು ಕಂಡುಹಿಡಿದುಕೊಟ್ಟರು.

ಸೋಫಾದ ಬಣ್ಣಕ್ಕೆ ಹೊಂದುವ ಚಿತ್ರ ಕೇಳುವವರ ಬಗ್ಗೆ ಎಲ್ಲ ಚಿತ್ರಕಾರರೂ ದೂರುತ್ತಾರಾದ್ದರಿಂದ ನಾನು ಹೆಚ್ಚು ಹೇಳುವುದಿಲ್ಲ. ದಿಂಬಿನ ಕವರನ್ನೇ ಬಿಚ್ಚಿ ತಂದುಕೊಟ್ಟ ದಂಪತಿಗಾಗಿ ಹಂಪೆಯ ಕಲ್ಲಿನ ರಥವನ್ನು ನವಿಲು ಹಸಿರಿನಲ್ಲಿ ಬರೆದೆನೆಂದೂ, ಚಿತ್ರ ತುಂಬ ಚೆನ್ನಾಗಿ ಬಂದಿದೆಯೆಂದು ಅವರು ಅದಕ್ಕೆ ಹೊಂದುವ ಬೇರೆ ಸೋಫಾ ಕೊಂಡು, ಆ ಸೋಫಾ ಬಂದ ಮೇಲೆ ಚಿತ್ರ ಹೊಂದುತ್ತಿಲ್ಲವೆಂದು ಫೋನು ಮಾಡಿದರೆಂದೂ ಹೇಳಿದರೆ ಸಾಕು.

ಬೆಲೆ ಹೇಳುವುದು ಇದೆಲ್ಲಕ್ಕಿಂತ ಕಷ್ಟದ ಕೆಲಸ. ನನ್ನ ಕಲ್ಪನಾಶಕ್ತಿಯ ಬಹುಭಾಗ ಖರ್ಚಾಗುವುದು ಅಲ್ಲಿಯೇ. ಚಿತ್ರಕಾರರಲ್ಲಿ ಅನೇಕರು ಚದರ ಇಂಚಿನ ಲೆಕ್ಕ ಇಟ್ಟುಕೊಂಡಿದ್ದಾರೆ: ಉದ್ದವನ್ನು ಅಗಲದಿಂದ ಗುಣಿಸಿ, ತಮ್ಮ ಹೆಸರಿನ ತೂಕಕ್ಕೆ ತಕ್ಕ ದರದಿಂದ ಮತ್ತೆ ಗುಣಿಸುತ್ತಾರೆ. ಇದರಲ್ಲಿ ಜಗಳಕ್ಕೆ ಎಡೆಯಿಲ್ಲ, ಆದರೆ ಒಂದು ವಿಚಿತ್ರವಿದೆ. ವಾರವಿಡೀ ಕೂತು ಬಿಡಿಸಿದ ಮುಷ್ಟಿಯಗಲದ ಮುಖಕ್ಕೂ ಒಂದು ಮಧ್ಯಾಹ್ನದಲ್ಲಿ ಬಳಿದ ಮುಷ್ಟಿಯಗಲದ ಆಕಾಶಕ್ಕೂ ಒಂದೇ ದರ. ಆದಕಾರಣ ವ್ಯಾಪಾರ ಬುದ್ಧಿ ಬೆಳೆದಂತೆಲ್ಲ ನನ್ನ ಚಿತ್ರಗಳಲ್ಲಿ ದಿಗಂತ ಕೆಳಗಿಳಿಯುತ್ತ ಬಂದಿದೆ. ಈಗ ಮುಕ್ಕಾಲು ಪಾಲು ಆಕಾಶವೇ ಇರುತ್ತದೆ, ಮತ್ತು ಅದನ್ನು ನೋಡಿದವರು "ಎಷ್ಟು ವಿಶಾಲವಾದ ದೃಷ್ಟಿ!" ಎನ್ನುತ್ತಾರೆ.

ಆಕಾಶವೂ ಪುಕ್ಕಟೆಯಲ್ಲ. ಕೋಬಾಲ್ಟ್ ನೀಲಿಯ ಟ್ಯೂಬು ದುಬಾರಿ, ಅಲ್ಟ್ರಾಮರೀನ್ ಅಗ್ಗ. ಹಾಗಾಗಿ ಮುಂಗಡ ಕೊಟ್ಟವರ ಮನೆಯ ಆಕಾಶವೇ ಬೇರೆ, ಆಮೇಲೆ ನೋಡೋಣ ಎಂದವರ ಮನೆಯ ಆಕಾಶವೇ ಬೇರೆ. ಈ ಅಗ್ಗದ ನೀಲಿಯೂ ಒಂದು ಕಾಲಕ್ಕೆ ಅಫ್ಘಾನಿಸ್ತಾನದ ಬದಖ್‌ಶಾನದಿಂದ ಬರುತ್ತಿದ್ದ ರಾಜಾವರ್ತದ ಕಲ್ಲನ್ನು ಅರೆದು ತಯಾರಾಗಬೇಕಿತ್ತು, ಯುರೋಪಿನಲ್ಲಿ ಅದಕ್ಕೆ ಚಿನ್ನದಂಥ ಬೆಲೆಯಿತ್ತು. ಇದನ್ನು ಕೃತಕವಾಗಿ ತಯಾರಿಸುವ ವಿಧಾನಕ್ಕೆ 1824ರಲ್ಲಿ ಫ್ರಾನ್ಸಿನ ಸಂಘವೊಂದು 6,000 ಫ್ರಾಂಕುಗಳ ಬಹುಮಾನ ಸಾರಿ, 1828ರಲ್ಲಿ ಅದನ್ನು ಗಿಮೆ ಎಂಬಾತನಿಗೆ ಕೊಡುವವರೆಗೂ ಚಿತ್ರಕಾರರು ದೇವಮಾತೆ ಮೇರಿಯ ನೀಲಿ ಸೆರಗನ್ನು ಎಷ್ಟು ಉದ್ದ ಬಿಡಿಸಬೇಕೆಂಬುದನ್ನು ಚೀಲ ನೋಡಿಕೊಂಡು ನಿರ್ಧರಿಸುತ್ತಿದ್ದರು. ಜರ್ಮನಿಯ ಮಹಾನ್ ಚಿತ್ರಕಾರ ಆಲ್ಬ್ರೆಖ್ಟ್ ಡ್ಯೂರರ್ ಫ್ರಾಂಕ್‌ಫರ್ಟಿನ ವರ್ತಕ ಯಾಕೋಬ್ ಹೆಲ್ಲರ್‌ಗೆ 1508-09ರಲ್ಲಿ ಬರೆದ ಪತ್ರಗಳನ್ನು ಓದಿದರೆ ನನ್ನ ವಾಟ್ಸ್ಆ್ಯಪ್ ಸಂದೇಶಗಳನ್ನೇ ಓದಿದಂತಾಗುತ್ತದೆ. ಚರ್ಚಿನ ಚಿತ್ರಕ್ಕೆ 130 ಫ್ಲಾರಿನ್ ಎಂದು ಒಪ್ಪಿಕೊಂಡವನು ಕೆಲಸ ಸಾಗಿದಂತೆ ಬಣ್ಣದ ಬೆಲೆ, ಪಟ್ಟ ಶ್ರಮ, ಹೋದ ಸಮಯ ಎಲ್ಲವನ್ನೂ ಹೇಳಿಕೊಂಡು 200 ಕೇಳುತ್ತಾನೆ; ಇಂಥ ಚಿತ್ರ ಬರೆಯುವ ಬದಲು ಅಚ್ಚಿನ ಚಿತ್ರಗಳನ್ನೇ ಕೆತ್ತಿಕೊಂಡಿದ್ದರೆ ಇಷ್ಟು ಹೊತ್ತಿಗೆ ಸಾವಿರ ಫ್ಲಾರಿನ್ ಶ್ರೀಮಂತನಾಗಿರುತ್ತಿದ್ದೆ ಎಂದು ಗೊಣಗುತ್ತಾನೆ. ಅವನ ಅಚ್ಚಿನ ಚಿತ್ರಗಳನ್ನು ಸಂತೆಗಳಲ್ಲಿ ಮಾರುತ್ತಿದ್ದವಳು ಅವನ ಹೆಂಡತಿ ಆಗ್ನೆಸ್. ಈ ವಿಷಯವನ್ನು ನನ್ನ ಹೆಂಡತಿಗೆ ತಿಳಿಸಿದ್ದು ವಿವೇಕವೋ ಅವಿವೇಕವೋ ಮುಂದೆ ನೋಡುವಿರಿ.

ಅಚ್ಚಿನ ಲಾಭದ ಗುಟ್ಟು ನಮ್ಮವರಿಗೂ ತಿಳಿದಿತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದು, ಅರಮನೆಗಳಲ್ಲಿದ್ದ ಲಕ್ಷ್ಮಿ ಸರಸ್ವತಿಯರನ್ನು ನಮ್ಮ ಅಜ್ಜಿಯರ ದೇವರ ಕೋಣೆಗೆ ತಲುಪಿಸಿದರು. ಚಿತ್ರಕಲೆಯ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಉಪಾಯವನ್ನು ಈ ದೇಶ ಕಂಡಿಲ್ಲ. ಆದರೂ ಸಾಲದ ಹೊರೆಯಲ್ಲಿ ಕೆಲವೇ ವರ್ಷಗಳಲ್ಲಿ ಅದನ್ನು ಜರ್ಮನಿಯ ತಂತ್ರಜ್ಞರೊಬ್ಬರಿಗೆ ಮಾರಬೇಕಾಯಿತು. ಲಕ್ಷ್ಮಿಯನ್ನು ಮನೆಮನೆಗೆ ಕಳಿಸಿದವರ ಮನೆಯಲ್ಲೇ ಅವಳು ನಿಲ್ಲಲಿಲ್ಲವೆಂದರೆ ನನ್ನ ಕುದುರೆಗಳ ಮೇಲೆ ನಾನು ಎಷ್ಟು ಭರವಸೆ ಇಡಲಿ? ಇನ್ನು ನಮ್ಮ ಕೆ. ವೆಂಕಟಪ್ಪನವರು ಮೈಸೂರು ಅರಮನೆಗಾಗಿ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದವರು, 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ಆ ಕೆಲಸ ನಿಂತಾಗ ಬಾಕಿಯ ವಿಷಯದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿದರು. ಅಂಥ ಧೈರ್ಯ ನನಗಿಲ್ಲ. ಬಾಕಿ ಉಳಿಸಿಕೊಂಡವರ ಮನೆಯ ಮುಂದೆ ಸ್ಕೂಟರನ್ನು ಸ್ವಲ್ಪ ನಿಧಾನವಾಗಿ ಓಡಿಸುವುದಷ್ಟೇ ನನ್ನ ವಸೂಲಿ ಕ್ರಮ.

ಚೌಕಾಸಿಯ ಬಗ್ಗೆ ನಾನು ಗಮನಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಚಿತ್ರದ ಬೆಲೆಯನ್ನು ಎಲ್ಲರೂ ಚೌಕಾಸಿ ಮಾಡುತ್ತಾರೆ, ಫ್ರೇಮಿನ ಬೆಲೆಯನ್ನು ಯಾರೂ ಮಾಡುವುದಿಲ್ಲ. ನನ್ನ ಚಿತ್ರಕ್ಕೆ ಹನ್ನೆರಡು ಸಾವಿರ ಎಂದರೆ "ಏಳು ಮಾಡ್ಕೊಳಿ" ಎನ್ನುವ ಅದೇ ಮಹನೀಯರು, ಪಕ್ಕದ ಬೀದಿಯ ಫ್ರೇಮ್ ಅಂಗಡಿಯಲ್ಲಿ ತೇಗದ ಚೌಕಟ್ಟಿಗೆ ನಾಲ್ಕು ಸಾವಿರ ಎಂದಾಗ ಮರುಮಾತಿಲ್ಲದೆ ಎಣಿಸಿ ಕೊಡುತ್ತಾರೆ. ಕಾರಣ ಸ್ಪಷ್ಟ: ಅಂಗಡಿಯವರ ಬಳಿ ಅಳತೆಯ ಟೇಪು ಇದೆ, ಅಡಿಗೆ ಇಷ್ಟು ಎಂಬ ದರವಿದೆ, ಮತ್ತು ಅವರು ಬೆಲೆ ಹೇಳುವಾಗ ಮುಖ ತಗ್ಗಿಸಿ ಗರಗಸದ ಕೆಲಸ ಮುಂದುವರಿಸುತ್ತಾರೆ. ನಾನಾದರೆ ಬೆಲೆ ಹೇಳಿ, ಎದುರಿನವರ ಮುಖ ನೋಡಿ, ಅವರು ಬಾಯಿ ತೆರೆಯುವ ಮೊದಲೇ "ನಿಮಗೆ ಅಂತ ಸ್ವಲ್ಪ ಕಡಿಮೆ" ಎಂದುಬಿಡುತ್ತೇನೆ. ಒಮ್ಮೆ ಈ ಅಂಗಡಿಯವರು ಸಿದ್ಧವಿದ್ದ ಚೌಕಟ್ಟಿಗೆ ನನ್ನ ಚಿತ್ರ ಕೂರಲಿಲ್ಲವೆಂದು ಕ್ಯಾನ್ವಾಸಿನ ಕೆಳ ಅಂಚನ್ನೇ ಎರಡು ಇಂಚು ಕತ್ತರಿಸಿ, ಅಂದವಾಗಿ ಮೊಳೆ ಹೊಡೆದು ಇಟ್ಟಿದ್ದರು. ನಾನು ಬಾಯಿ ತೆರೆದು ನಿಂತಿದ್ದನ್ನು ಕಂಡು, "ಸಹಿ ಒಂದು ಹೋಗಿದೆ ಅಷ್ಟೇ ಸಾರ್, ಚಿತ್ರ ಪೂರ್ತಿ ಇದೆ" ಎಂದು ಸಮಾಧಾನ ಹೇಳಿದರು. ಚಿತ್ರ ಕೊಂಡವರಿಗೆ ಇಂದಿಗೂ ಆ ಕೊರತೆ ಗೊತ್ತಾಗಿಲ್ಲ ಎಂಬುದು ಕತ್ತರಿಸಿದ್ದಕ್ಕಿಂತ ಹೆಚ್ಚು ನೋಯಿಸುತ್ತದೆ.

ಆಷಾಢದಲ್ಲಿ ಕುದುರೆಗಳಿಲ್ಲದಿದ್ದರೂ ಹಿರಿಯರ ಭಾವಚಿತ್ರಗಳು ಸಿಗುತ್ತವೆ. ತೀರಿಕೊಂಡ ತಂದೆಯ ತೈಲಚಿತ್ರ ಬೇಕೆಂದು ಮೂವರು ಅಣ್ಣತಮ್ಮಂದಿರು ಒಟ್ಟಿಗೆ ಬಂದರು. ಆಧಾರಕ್ಕೆ ತಂದದ್ದು ಆಧಾರ್ ಕಾರ್ಡನ್ನು ಮಾತ್ರ. ಆ ಕಾರ್ಡಿನ ಭಾವಚಿತ್ರದಲ್ಲಿ ಯಾರು ತಾನೇ ತಮ್ಮಂತೆ ಕಾಣುತ್ತಾರೆ? ಹಿರಿಯ ಮಗನಿಗೆ ಮೈಸೂರು ಪೇಟ ಬೇಕಿತ್ತು, ಎರಡನೆಯವರಿಗೆ ಕರಿಯ ಕೋಟು ಬೇಕಿತ್ತು, ಕಿರಿಯವರಿಗೆ ಅಪ್ಪ ಜೀವನದಲ್ಲಿ ಒಮ್ಮೆಯೂ ಬಿಡದಿದ್ದ ತುಂಬು ಮೀಸೆ ಬೇಕಿತ್ತು, ಏಕೆಂದರೆ ಅದು ಅವರ ಬಹುಕಾಲದ ಆಸೆಯಾಗಿತ್ತಂತೆ. ಎಲ್ಲವನ್ನೂ ಸೇರಿಸಿ, ಮುಖಕ್ಕೆ ಗಾಂಭೀರ್ಯ ಬೆರೆಸಿ ಒಯ್ದುಕೊಟ್ಟೆ. ಮಕ್ಕಳು ಮೂವರೂ ಮೆಚ್ಚಿದರು. ಅಷ್ಟರಲ್ಲಿ ಒಳಗಿನಿಂದ ತಂದೆಯವರ ಅಕ್ಕ, ತೊಂಬತ್ತರ ಆಸುಪಾಸಿನವರು, ಗೋಡೆ ಹಿಡಿದು ಬಂದು, ಕನ್ನಡಕ ಏರಿಸಿ ನೋಡಿ, "ಇವನ್ಯಾಕೆ ಇಲ್ಲಿಗೆ ಬಂದ? ನಮ್ಮನ್ನ ಕೋರ್ಟಿಗೆ ಎಳೆದ ದಾಯಾದಿ ಅಲ್ವೇ ಇವನು?" ಎಂದರು. ಮೀಸೆ, ಕೋಟು, ಪೇಟಗಳು ಒಂದೆಡೆ ಸೇರಿ ಊರಿನ ಇನ್ನೊಬ್ಬರನ್ನು ಸೃಷ್ಟಿಸಿಬಿಟ್ಟಿದ್ದವು, ಅದೂ ಎರಡು ಎಕರೆ ತೆಂಗಿನ ತೋಟದ ವ್ಯಾಜ್ಯದಲ್ಲಿ ಎದುರುವಾದಿಯನ್ನು. ಅಲ್ಲಿಯೇ ಕೂತು ಮೀಸೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ತೈಲವರ್ಣ ದಿನಗಟ್ಟಲೆ ಹಸಿಯಾಗಿರುವುದನ್ನು ನಾನು ಅದುವರೆಗೆ ದೋಷವೆಂದೇ ಎಣಿಸಿದ್ದೆ.

ಆ ಚಿತ್ರ ಆಮೇಲೆ ವಾರ್ಷಿಕ ಪುಣ್ಯಸ್ಮರಣೆಯ ಫ್ಲೆಕ್ಸಾಗಿ ಬಸ್ ನಿಲ್ದಾಣದ ಎದುರು ನಿಂತಿತು. ನನ್ನದೇ ಚಿತ್ರ, ನನ್ನ ಹೆಸರಿಲ್ಲ, ಕಂಪ್ಯೂಟರಿನವರು ಮೀಸೆಯನ್ನು ಮರಳಿ ಅಂಟಿಸಿದ್ದರು. ವಕೀಲರಾದ ಗೆಳೆಯರನ್ನು ಕೇಳಿದಾಗ ಅವರು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮನ್ನು ತೆರೆದು ತೋರಿಸಿದರು: ಹಣ ಕೊಟ್ಟು ಬರೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ನನ್ನ ಮುಖ ಬಾಡಿದ್ದನ್ನು ನೋಡಿ ಮರುಕದಿಂದ 53ಎ ಕಲಮನ್ನೂ ತೋರಿಸಿದರು. ಚಿತ್ರಕಾರನೇ ಕೃತಿಸ್ವಾಮ್ಯದ ಮೊದಲ ಒಡೆಯನಾಗಿದ್ದು, ಆ ಮೂಲಚಿತ್ರ ಮುಂದೆ 10,000 ರೂಪಾಯಿಗೂ ಮಿಕ್ಕಿದ ಬೆಲೆಗೆ ಮರುಮಾರಾಟವಾದರೆ, ಅದರಲ್ಲಿ ಶೇಕಡಾ 10ರವರೆಗೆ ಪಾಲು ಪಡೆಯುವ ಹಕ್ಕು ಅವನಿಗಿದೆಯಂತೆ. ಆ ಕ್ಷಣ ನನ್ನ ಭವಿಷ್ಯ ಬೆಳಗಿತು. ಯಾರೂ ಹೇಳದೆ ನಾನಾಗಿ ಬರೆದು ಮಾರಿದ ಚಿತ್ರಗಳ ಪಟ್ಟಿ ಮಾಡಿ, ಅವು ಮರುಮಾರಾಟವಾಗುವುದನ್ನು ಕಾಯತೊಡಗಿದೆ. ನಮ್ಮ ಜನ ಚಿತ್ರವನ್ನು ಮಾರುವುದೇ ಇಲ್ಲವೆಂದು ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಅವರು ಅದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಇನ್ನೊಬ್ಬರ ಗೃಹಪ್ರವೇಶಕ್ಕೆ ಮುಯ್ಯಿ ಮಾಡುತ್ತಾರೆ. ವಿಜಯನಗರದಲ್ಲಿ ಮಾರಿದ ನನ್ನ ಚಾಮುಂಡಿ ಬೆಟ್ಟದ ಚಿತ್ರವೊಂದನ್ನು ಕುವೆಂಪುನಗರದಲ್ಲಿ ಕಂಡೆ. ಅಲ್ಲಿಂದ ಅದು ರಾಮಕೃಷ್ಣನಗರಕ್ಕೆ ದಾಟಿದ್ದನ್ನೂ ಊಟದ ಪಂಕ್ತಿಯಲ್ಲಿ ಕೂತು ನೋಡಿದೆ. ಮಾರಾಟಕ್ಕೆ ಪಾಲು ಕೊಡುವ ಕಾಯ್ದೆ ಮುಯ್ಯಿಯ ಬಗ್ಗೆ ಮೌನವಾಗಿದೆ.

ಹೀಗಿರುವಾಗ ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗುವುದು ಅನಿವಾರ್ಯ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಯ ದಿನ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಕುಮಾರಕೃಪಾ ರಸ್ತೆಯಲ್ಲಿ ವಾಹನಗಳು ನಿಂತು ಚಿತ್ರಗಳು ಸಾಲುಗಟ್ಟುತ್ತವೆ. ಈ ಸಂತೆಯ ದೊಡ್ಡ ಗುಣವೆಂದರೆ ಗ್ಯಾಲರಿಯ ಹೊಸ್ತಿಲು ತುಳಿಯಲು ಹಿಂಜರಿಯುವವರೂ ಇಲ್ಲಿ ಕಡಲೆಕಾಯಿ ತಿನ್ನುತ್ತ ಧಾರಾಳವಾಗಿ ಚಿತ್ರ ನೋಡುತ್ತಾರೆ. ಚಿತ್ರಕಾರನಿಗೆ ಕೊಂಚ ಕಷ್ಟವೆಂದರೆ ಅವರು ಅಷ್ಟೇ ಧಾರಾಳವಾಗಿ ಅಭಿಪ್ರಾಯವನ್ನೂ ಹೇಳುತ್ತಾರೆ. "ಇದು ಪ್ರಿಂಟಾ?" ಎಂದು ಉಗುರಿನಿಂದ ಕೆರೆದು ನೋಡುವವರಿಗಾಗಿ ನಾನು ಮೇಜಿನ ಮೇಲೆ ಕೆರೆಯಲೆಂದೇ ಒಂದು ಹಳೆಯ ಚಿತ್ರ ಇಟ್ಟಿರುತ್ತೇನೆ.

ಡ್ಯೂರರನ ಹೆಂಡತಿಯ ಕಥೆ ಕೇಳಿದ ಮೇಲೆ ಸಂತೆಯ ವ್ಯವಹಾರವನ್ನು ನನ್ನ ಹೆಂಡತಿ ವಹಿಸಿಕೊಂಡಳು. ನಾನು ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ ಬೆಲೆಯನ್ನು ಮುಂದುಗಡೆ ದಪ್ಪಕ್ಷರದಲ್ಲಿ ಹಾಕಿಸಿದಳು, ನನ್ನನ್ನು ಮಡಿಸುವ ಕುರ್ಚಿಯಲ್ಲಿ ಹಿಂದೆ ಕೂರಿಸಿದಳು. ಮಧ್ಯಾಹ್ನದವರೆಗೂ ಏನೂ ಮಾರಾಟವಾಗದಿದ್ದಾಗ ಪಕ್ಕದ ಮಳಿಗೆಯ ಕಲಾವಿದರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ಗ್ಯಾಲರಿಗಳಲ್ಲಿ ಮಾರಾಟವಾದ ಚಿತ್ರದ ಪಕ್ಕ ಕೆಂಪು ಚುಕ್ಕಿ ಅಂಟಿಸುತ್ತಾರಲ್ಲ, ಹಾಗೆ ಒಂದಕ್ಕೆ ಅಂಟಿಸಿದರೆ ನೋಡಿದವರಿಗೆ ಧೈರ್ಯ ಬರುತ್ತದೆ ಎಂಬುದು ಅವರ ಅನುಭವ. ಹಣೆಗೆ ಇಡುವ ಬಿಂದಿಯೊಂದನ್ನು ಪರ್ಸಿನಿಂದ ತೆಗೆದು ನನ್ನ ಹೆಂಡತಿ ತೀರ ಮೂಲೆಯಲ್ಲಿದ್ದ, ಯಾರೂ ತಿರುಗಿ ನೋಡದಿದ್ದ ಚಿತ್ರಕ್ಕೆ ಅಂಟಿಸಿದಳು.

ಅರ್ಧ ಗಂಟೆಯೊಳಗೆ, ಖಾದಿ ಜುಬ್ಬಾ ತೊಟ್ಟ ಹಿರಿಯರೊಬ್ಬರು ಬಂದು, ಉಳಿದೆಲ್ಲವನ್ನೂ ದಾಟಿ, ನೇರವಾಗಿ ಆ ಚಿತ್ರದ ಮುಂದೆಯೇ ನಿಂತು, ಬೆಲೆಯನ್ನೂ ನೋಡಿ ಬೆಚ್ಚದೆ, "ಅಯ್ಯೋ, ಇದು ಹೋಗಿಬಿಟ್ಟಿದೆಯಲ್ಲ!" ಎಂದು ಪೇಚಾಡಿದರು. ಕೊಂಡವರು ಇನ್ನೂ ಹಣ ಕೊಟ್ಟಿಲ್ಲವೆಂದು ನನ್ನ ಹೆಂಡತಿ ಹೇಳಿದಳು. ಅವರು ಬಹುಶಃ ಬರಲಿಕ್ಕಿಲ್ಲ ಎಂದೂ ಹೇಳಿದಳು. ಕೊನೆಗೆ, ಅವರು ನಮ್ಮ ದೂರದ ಸಂಬಂಧಿಕರು, ಏನೂ ತಿಳಿದುಕೊಳ್ಳುವುದಿಲ್ಲ ಎಂದಳು. ಹಿರಿಯರು ಕೈಯೆತ್ತಿ ತಡೆದರು. "ಬೇಡಮ್ಮ, ಮಾತು ಕೊಟ್ಟ ಮೇಲೆ ಮಾತೇ. ಇನ್ನೊಬ್ಬರು ಆಸೆಪಟ್ಟದ್ದನ್ನ ನಾನು ಎತ್ಕೊಂಡು ಹೋದ್ರೆ ಮನೇಲಿ ನೆಮ್ಮದಿ ಇರುತ್ತಾ?" ಎಂದು ನಮ್ಮಿಬ್ಬರಿಗೂ ಹಿತವಚನ ಹೇಳಿ, ಪಕ್ಕದ ಮಳಿಗೆಗೆ ಹೋಗಿ, ಉಪಾಯ ಹೇಳಿಕೊಟ್ಟ ಆ ಕಲಾವಿದರಿಂದಲೇ ಎರಡು ಚಿತ್ರಗಳನ್ನು ಕೊಂಡು ಹೊರಟರು. ಬಿಂದಿಯನ್ನು ಕೀಳುವಾಗ ಅದರ ಜೊತೆಗೆ ಒಂದಿಷ್ಟು ಬಣ್ಣವೂ ಕಿತ್ತುಬಂತು.

ಮಾರ್ಚ್ ತಿಂಗಳು ಮುಗಿಯುವಾಗ ಈ ಎಲ್ಲ ಸಾಹಸಗಳ ಲೆಕ್ಕ ಬರೆಯಲು ನಮ್ಮ ಆಡಿಟರ್ ಬರುತ್ತಾರೆ. ಕೈಯಿಂದ ಬರೆದ ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆಯೆಂದು ಅವರು ಈ ಸಲ ಸಂಭ್ರಮದಿಂದ ತಿಳಿಸಿದರು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಮಾತ್ರ ನೋಂದಣಿಯ ಗೋಜು ಎಂಬುದು ಇಬ್ಬರಿಗೂ ಗೊತ್ತಿದ್ದರಿಂದ ಸಂಭ್ರಮ ಬೇಗನೆ ಇಳಿಯಿತು. ಆಮೇಲೆ ಅವರು ವರ್ಷಾಂತ್ಯದ ಸ್ಟಾಕ್ ತೋರಿಸಿ ಎಂದರು. ಮಾರಾಟವಾಗದೆ ಉಳಿದ ಸರಕನ್ನು, ಅದಕ್ಕೆ ತಗುಲಿದ ವೆಚ್ಚ ಮತ್ತು ಮಾರಿದರೆ ಬರಬಹುದಾದ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಆ ಬೆಲೆಗೆ ಬರೆಯಬೇಕಂತೆ. ಅಟ್ಟದಿಂದ ಒಂದೊಂದಾಗಿ ಇಳಿಸಿದೆ. ಕಟ್ಟಕಡೆಯದಾಗಿ, ಯಾರೂ ಹೇಳದೆ, ಮುಹೂರ್ತ ನೋಡದೆ, ಒಂದೂ ಕುದುರೆಯಿಲ್ಲದೆ ನನಗಾಗಿಯೇ ಬರೆದುಕೊಂಡ ಕುಕ್ಕರಹಳ್ಳಿ ಕೆರೆಯ ಚಿತ್ರವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದೆ. ಹೆಜ್ಜಾರ್ಲೆಯೊಂದು ನೀರಿಗಿಳಿಯುವ ಹೊತ್ತು ಅದು, ನಾನು ಬರೆದವುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

"ಇದು ಯಾವಾಗಿಂದ ಇದೆ ಸಾರ್?" ಎಂದರು ಆಡಿಟರ್.

ಹೇಳಿದೆ.

"ಯಾರಾದ್ರೂ ಕೇಳಿದ್ದಾರಾ?"

ಇಲ್ಲವೆಂದೆ.

ಅವರು ಸೊನ್ನೆ ಬರೆಯಲು ಪೆನ್ನು ಊರಿದವರು, ನನ್ನ ಮುಖ ನೋಡಿ ತಡೆದು, ಬಗ್ಗಿ, ಚಿತ್ರದ ಅಂಚನ್ನು ಬೆರಳಿನಿಂದ ತಟ್ಟಿದರು. "ಫ್ರೇಮು ತೇಗದ್ದಾ?"

ಹೌದೆಂದೆ.

"ಮತ್ತೆ ಹೇಳ್ಬಾರ್ದಾ ಸಾರ್, ಇದಕ್ಕೆ ಬೆಲೆ ಇದೆ. ಹಾಕೋಣ" ಎಂದು ಅವರು ಕೆರೆಯನ್ನು ಗೋಡೆಯ ಕಡೆಗೆ ತಿರುಗಿಸಿ ಒರಗಿಸಿದರು, ನನ್ನ ಹೆಂಡತಿ ಹೊಲಿಗೆ ಪೆಟ್ಟಿಗೆಯಿಂದ ಟೇಪು ತಂದಳು, ಇಬ್ಬರೂ ಸೇರಿ ನಾಲ್ಕೂ ಬದಿ ಅಳೆದು, ಅಡಿಗೆ ಎಷ್ಟು ಎಂದು ಕೇಳಲು ಫ್ರೇಮ್ ಅಂಗಡಿಗೆ ಫೋನು ಹಚ್ಚಿದರು.